ಮಾವ ಕಟ್ಟಿದ ಎಸಿ

ನಮ್ಮ ಮಾವನ ಮನೆಯ ಹೊಸ್ತಿಲನ್ನು ಇದುವರೆಗೆ ದಾಟಿದ ಮೆಕ್ಯಾನಿಕ್ ಒಬ್ಬನೇ ಒಬ್ಬ. ಅವನೂ ಚಿತ್ರಾನ್ನ ತಿಂದು, ಕಾಫಿ ಕುಡಿದು, ಚೀಲದಿಂದ ಸ್ಪ್ಯಾನರನ್ನು ಹೊರಗೇ ತೆಗೆಯದೆ ವಾಪಸ್ ಹೋದ! ಇದನ್ನು ಹಿಂದೂಪುರದಲ್ಲಿ ಯಾರಿಗೆ ಹೇಳಿದರೂ ‘ಕೆಲಸ ಮಾಡದೆ ಯಾಕೆ ಹೋದ’ ಎಂದು ಯಾರೂ ಕೇಳುವುದಿಲ್ಲ. ‘ಒಳಗೆ ಹೇಗೆ ಬಂದ’ ಎಂದೇ ಕೇಳುತ್ತಾರೆ. ಮಾವನ ಖ್ಯಾತಿ ಅಂಥದ್ದು.

ಮಾವ ಎಂದರೆ ನನ್ನ ಸೋದರತ್ತೆಯ ಗಂಡ. ನಾನು ಹೈಸ್ಕೂಲಿನಿಂದ ಡಿಗ್ರಿಯವರೆಗೆ ಓದಿದ್ದು ಅವರ ಮನೆಯಲ್ಲಿದ್ದುಕೊಂಡೇ. ಈಗ ಮದುವೆಯಾಗಿ ಕಲ್ಯಾಣದುರ್ಗದಲ್ಲಿ ಟೀಚರಾಗಿದ್ದೇನೆ. ಬೇಸಿಗೆ ರಜೆ ಸಿಕ್ಕಿತೆಂದರೆ ತವರಿಗಿಂತ ಮೊದಲು ಅಲ್ಲಿಗೆ ಓಡುತ್ತೇನೆ. ಅತ್ತೆಯ ಕೈಯಡುಗೆಗಾಗಿ ಎಂದು ಎಲ್ಲರಿಗೂ ಹೇಳುತ್ತೇನೆ. ನಿಜ ಹೇಳಬೇಕೆಂದರೆ, ಮಾವ ಈ ವರ್ಷ ಏನನ್ನು ಬಿಚ್ಚಿ ಹರಡಿಕೊಂಡಿದ್ದಾರೆ ಎಂದು ನೋಡುವ ಆಸೆಗಾಗಿ!

ನೀವು ನಂಬುವುದಿಲ್ಲ, ಆ ಮನೆಯ ನಡುಮನೆಯ ಫ್ಯಾನು ಗಾಳಿಯನ್ನು ಮೇಲಕ್ಕೆ ಬೀಸುತ್ತದೆ. ಮಾವ ರಿಪೇರಿ ಮಾಡಿದ ದಿನದಿಂದ ಅದು ಉಲ್ಟಾ ತಿರುಗುತ್ತಿದೆ. ಅತ್ತೆ ಕೇಳಿದ್ದಕ್ಕೆ ಮಾವ, “ಜಂತೆಗೂ ಸೆಕೆ ಆಗಲ್ವೇನೇ? ಅದೂ ನಮ್ ಮನೇದೇ ಅಲ್ವಾ?” ಎಂದರು. ಅಡುಗೆಮನೆಯಲ್ಲಿ ಮಿಕ್ಸಿ ಹಾಕಿದರೆ ಬಾಗಿಲ ಬೆಲ್ಲು ಹೊಡೆದುಕೊಳ್ಳುತ್ತದೆ. ಚಟ್ನಿ ರುಬ್ಬಿದಾಗಲೆಲ್ಲ ಯಾರೋ ಬಂದರೆಂದು ನಾನು ಬಾಗಿಲಿಗೆ ಓಡಿದ್ದು ಎಷ್ಟು ಸಲವೋ! ಅದಕ್ಕೂ ಮಾವನ ಬಳಿ ಉತ್ತರವಿತ್ತು. “ಚಟ್ನಿ ರುಬ್ತಾ ಇದ್ರೆ ನೆಂಟ್ರು ಬರೋ ಹೊತ್ತೇ ಕಣಮ್ಮ. ಮೊದ್ಲೇ ಎದ್ದು ನೋಡದು ಒಳ್ಳೇದು.”

ಮಾವ ಹುಟ್ಟಿನಿಂದ ನೇಕಾರರು. ರೇಷ್ಮೆ ಸೀರೆಯ ಮಗ್ಗದ ಮೇಲೆ ಮೂವತ್ತು ವರ್ಷ ಕೂತವರು. ಕೈಮಗ್ಗ ಮಾರಿದ ಮೇಲೆ ಈಗ ಪವರ್‌ಲೂಮ್‌ ಶೆಡ್ಡುಗಳಿಗೆ ಹೋಗಿ ಹಾಸು ಸೇರಿಸುವ ಕೆಲಸ ಮಾಡುತ್ತಾರೆ. ಹಾಗೆಂದರೆ, ಮಗ್ಗದಲ್ಲಿ ಮುಗಿಯುತ್ತಾ ಬಂದ ಹಳೆಯ ನೂಲಿನ ತುದಿಗೆ ಹೊಸ ನೂಲಿನ ತುದಿಯನ್ನು ಒಂದೊಂದೇ ಎಳೆಯಾಗಿ ಗಂಟು ಹಾಕುವುದು. ಸಾವಿರಾರು ಎಳೆ, ಸಾವಿರಾರು ಗಂಟು! ಅವರ ಬೆರಳುಗಳು ಆ ಕೆಲಸವನ್ನು ಮನೆಗೂ ತಂದುಬಿಟ್ಟಿವೆ. ಬಕೆಟ್ಟಿನ ಹಿಡಿಗೆ ಗಂಟು, ಗೇಟಿನ ಚಿಲಕಕ್ಕೆ ಗಂಟು, ಕನ್ನಡಕದ ಕಡ್ಡಿಗೆ ಗಂಟು. ಆ ಮನೆಯಲ್ಲಿ ಸ್ಕ್ರೂಗಿಂತ ನೂಲೇ ಜಾಸ್ತಿ. ಒಂದು ಸಲ ನನ್ನ ಪದವಿ ಪರೀಕ್ಷೆಯ ಹಾಲ್‌ಟಿಕೆಟ್ಟನ್ನು ಕಳೆಯದಿರಲೆಂದು ನನ್ನ ಜಡೆಗೇ ಕಟ್ಟಲು ಬಂದಿದ್ದರು!

ಇನ್ನೊಂದು ವಿಷಯ. ಗಂಟು ಮುಟ್ಟಿದರೆ ಸಾಕು, ಅದು ಯಾರ ಕೈದು ಎಂದು ಮಾವ ಹೇಳಬಲ್ಲರು. ಇದು ಉತ್ಪ್ರೇಕ್ಷೆಯಲ್ಲ. ಶೆಡ್ಡಿನಲ್ಲಿ ಎಳೆ ಹರಿದರೆ ಕಣ್ಣು ಮುಚ್ಚಿ ಬೆರಳಾಡಿಸಿ, “ಇದು ಆ ರೊದ್ದಂ ಅಳಿಯ ಹಾಕಿರೋದು, ಬೀಡಿ ಸೇದ್ತಾ ಹಾಕವ್ನೆ” ಎಂದುಬಿಡುತ್ತಾರೆ. ಆ ಅಳಿಯ ತಲೆ ಕೆರೆದುಕೊಂಡು ಒಪ್ಪಿಕೊಳ್ಳುತ್ತಾನೆ.

ಅತ್ತೆ ಎಡಚಿ. ಅವರ ಗಂಟು ಎಡಕ್ಕೆ ಸುತ್ತಿ ಎಡಕ್ಕೇ ಬಾಲ ಬಿಡುತ್ತದೆ. ಮದುವೆಯಾದ ಹೊಸತರಲ್ಲಿ ಅವರು ಹಾಕಿದ ಗಂಟುಗಳನ್ನೆಲ್ಲ ಮಾವ ಕೂತು ಬಿಚ್ಚಿ ಮತ್ತೆ ಹಾಕುತ್ತಿದ್ದರಂತೆ. “ಎಡಗೈ ಗಂಟು ಲಾಳಿಗೆ ತಗುಲ್ತದೆ ಕಣೇ” ಎಂದು ನೆಪ. ಅತ್ತೆಗೆ ಸಿಟ್ಟು ಬಂದರೆ ಮಾತು ತೆಲುಗಿಗೆ ತಿರುಗುತ್ತದೆ. “ಏಮಂಡೀ, ಮೀ ಮುಡೇ ಮುಡಾ, ನಿಮ್ ಗಂಟೊಂದೇ ಗಂಟಾ?” ಎಂದು ನೂಲಿನ ಕಂಡಿಕೆಯನ್ನು ಅವರ ಮೇಲೇ ಎಸೆದು ಎದ್ದು ಹೋದರಂತೆ. ಅಂದಿನಿಂದ ಅತ್ತೆ ಮಗ್ಗ ಮುಟ್ಟಲಿಲ್ಲ. ಹಿತ್ತಲಿನಲ್ಲಿ ರೇಷ್ಮೆ ನೂಲಿಗೆ ಬಣ್ಣ ಹಾಕುವ ಕೆಲಸ ಹಿಡಿದರು.

ಹಿತ್ತಲೆಂದರೆ ತಗಡಿನ ಮಾಡು, ಅದರ ಕೆಳಗೆ ಸೌದೆ ಒಲೆ, ಒಲೆಯ ಮೇಲೆ ಕುದಿಯುವ ಬಣ್ಣದ ಹಂಡೆ. ಮೂವತ್ತು ಬೇಸಿಗೆ ಅತ್ತೆ ಅದರ ಮುಂದೆ ನಿಂತಿದ್ದಾರೆ. ಈಗ ಹಂಡೆ ಇಲ್ಲ, ಆದರೆ ಆ ಬೆಂಕಿ ಅವರ ಮೈಯೊಳಗೆ ಉಳಿದುಬಿಟ್ಟಿದೆ. ವಯಸ್ಸಿನ ತೊಂದರೆಯೂ ಸೇರಿ, ಕುಂತಲ್ಲಿ ನಿಂತಲ್ಲಿ ಮೈ ಉರಿ. ಹಗಲಿಲ್ಲ ಇರುಳಿಲ್ಲ, ಕಣ್ಣಿಗೆ ನಿದ್ದೆ ಹತ್ತುವುದಿಲ್ಲ. ಕಳೆದ ಬೇಸಿಗೆ ನಾನು ಹೋದಾಗ ಮಟಮಟ ಮಧ್ಯಾಹ್ನ ಅತ್ತೆ ಅಡುಗೆಮನೆಯ ಬಂಡೆಗಲ್ಲಿನ ಮೇಲೆ ನೀರು ಚೆಲ್ಲಿಕೊಂಡು, ಒದ್ದೆ ಟವೆಲನ್ನು ಕತ್ತಿಗೆ ಸುತ್ತಿಕೊಂಡು ಕೂತಿದ್ದರು. ಕಣ್ಣ ಕೆಳಗೆ ಕಪ್ಪು. ಡಾಕ್ಟರಮ್ಮ ಮಾತ್ರೆ ಬರೆದುಕೊಟ್ಟು, “ಮೊದಲು ಇವರಿಗೆ ನಿದ್ದೆ ಆಗಬೇಕು. ತಣ್ಣಗಿರೋ ಜಾಗದಲ್ಲಿ ಮಲಗಿಸಿ” ಎಂದಿದ್ದರು. ನನಗೆ ನೋಡಿ ಸಂಕಟವಾಯಿತು. ಮಾವ ಅಂದು ಸಂಜೆಯೇ ಅಂಗಿ ಹಾಕಿಕೊಂಡು ಹೊರಟು, ಆಟೋದಲ್ಲಿ ಎಸಿ ತಂದುಬಿಟ್ಟರು!

ಅಂಗಡಿಯವನು ಪಾಪ, “ನಾಳೆ ಬೆಳಿಗ್ಗೆ ನಮ್ಮೋರು ಬಂದು ಫಿಟ್ ಮಾಡ್ತಾರೆ ಸಾರ್” ಎಂದನಂತೆ. ಮಾವ ಆ ಅಂಗಡಿಯಲ್ಲಿದ್ದ ಗಿರಾಕಿಗಳೆಲ್ಲರಿಗೂ ಕೇಳುವಂತೆ, “ಮಗ್ಗ ಕೂರಿಸಿದ ಕೈ ಕಣಪ್ಪ ಇದು! ಒಂದು ಮಗ್ಗದಾಗೆ ಎಷ್ಟು ಸಾಮಾನು ಅದೆ ಗೊತ್ತಾ ನಿಂಗೆ? ಈ ಡಬ್ಬಿ ಕೂರಿಸಕ್ಕೆ ನಿಮ್ಮೋರು ಬೇಕಾ?” ಎಂದು ಭಾಷಣ ಮಾಡಿ ಬಂದರು. ಅದು ಸಾಲದೆಂಬಂತೆ ದಾರಿಯಲ್ಲಿ ಆಟೋ ನಿಲ್ಲಿಸಿ ನಿಲ್ಲಿಸಿ ಇನ್ನೂ ಇಬ್ಬರು ಮೆಕ್ಯಾನಿಕ್‌ಗಳಿಗೆ ಅದೇ ಭಾಷಣ. ಹಿಂದೂಪುರದಲ್ಲಿ ಮಾವ ಸೋತು ಕರೆಯಬಹುದಾದ ಒಬ್ಬ ಮೆಕ್ಯಾನಿಕ್ಕನನ್ನೂ ಅವರು ಉಳಿಸಿಕೊಳ್ಳಲಿಲ್ಲ.

“ಮಾವ, ನಮ್ಮ ಕಲ್ಯಾಣದುರ್ಗದ ಬೀದಿಯಲ್ಲಿ ಒಬ್ಬರಿದ್ದಾರೆ. ನಮ್ಮ ಸ್ಕೂಲಿನ ಹುಡುಗಿಯೊಬ್ಬಳ ಅಪ್ಪ. ಬಸ್‌ಸ್ಟ್ಯಾಂಡ್ ಎದುರಿಗೇ ಅಂಗಡಿ. ಕೆಲಸ ಅಚ್ಚುಕಟ್ಟು. ಫೋನ್ ಮಾಡಲಾ?” ಎಂದೆ.

“ಹಿಂದೂಪುರದೋರಿಗೆ ಇಲ್ದಿರೋ ಬುದ್ಧಿ ಕಲ್ಯಾಣದುರ್ಗದೋನಿಗೆ ಬಂದ್ಬುಡ್ತಾ?” ಎಂದು ಮಾವ ಮೀಸೆಯಲ್ಲೇ ನಕ್ಕರು. ಆ ನಗುವನ್ನು ನೆನಪಿಟ್ಟುಕೊಳ್ಳಿ.

ಮರುದಿನ ಕೆಲಸ ಶುರು. ಜಾಗ, ಮಾವ ಮೊದಲು ನೇಯುತ್ತಿದ್ದ ಮಗ್ಗದ ಕೋಣೆ. ನೇಯುವಾಗ ಕಾಲು ಇಳಿಬಿಡುವ ಮಗ್ಗದ ಗುಂಡಿಯನ್ನು ಮುಚ್ಚಿಸಿ ಅಲ್ಲೀಗ ಅತ್ತೆಗೆ ಮಂಚ ಹಾಕಿದ್ದಾರೆ. ಒಳಗಿನ ಉದ್ದ ಪೆಟ್ಟಿಗೆ ಈ ಕೋಣೆಯ ಗೋಡೆಗೆ, ಹೊರಗಿನ ದೊಡ್ಡ ಪೆಟ್ಟಿಗೆ ಮಾಳಿಗೆಗೆ, ಎರಡನ್ನೂ ಸೇರಿಸಲು ತಾಮ್ರದ ಪೈಪು. ಪೈಪು ಹೋಗಲು ಗೋಡೆಯಲ್ಲೊಂದು ತೂತು ಕೊರೆಯಬೇಕು. ದಪ್ಪ ಗೋಡೆ. ಮಾವ ಒಂದು ಉಪಾಯ ಮಾಡಿದರು. ಅರ್ಧ ಒಳಗಿನಿಂದ ಕೊರೆಯುವುದು, ಅರ್ಧ ಹೊರಗಿನಿಂದ. ನಡುವೆ ಎರಡೂ ಸೇರುತ್ತವೆ! ಟೇಪಿನಿಂದ ಅಳೆಯೋಣ ಎಂದರೆ ಕೇಳಿದರೇ? “ನೇಕಾರನ ಗೇಣು ಕಣಮ್ಮ, ಕೂದಲೆಳೆ ಆಚೀಚೆ ಆಗಲ್ಲ” ಎಂದು ಒಳಗೆ ಕಿಟಕಿಯ ಚೌಕಟ್ಟಿನಿಂದ ನಾಲ್ಕು ಗೇಣು ಅಳೆದು ಗುರುತು ಹಾಕಿದರು. ಹೊರಗೆ ಏಣಿ ಹಿಡಿದುಕೊಂಡಿದ್ದ ನನಗೆ ಕಿಟಕಿಯಿಂದಲೇ ಕೂಗಿ, “ಚೌಕಟ್ಟಿಂದ ನಾಲ್ಕು ಗೇಣು ಅಳ್ದು ಗುರ್ತು ಹಾಕು” ಎಂದರು. ನಾನು ನಾಲ್ಕು ಗೇಣು ಅಳೆದು ಗುರುತು ಹಾಕಿದೆ. ನನ್ನ ಗೇಣು!

ಮಧ್ಯಾಹ್ನದವರೆಗೆ ಧೂಳೆಬ್ಬಿಸಿ ಕೊರೆದರು. ಒಳಗಿನಿಂದ ಹೋದ ತೂತು ಹೊರಗಿನಿಂದ ಬಂದ ತೂತನ್ನು ಕೊನೆಗೂ ಭೇಟಿಯಾಗಲಿಲ್ಲ. ಒಂದರ ಪಕ್ಕ ಒಂದು ಹಾದು ಹೋಗಿದ್ದವು. ಅತ್ತೆ ಕತ್ತಿನ ಒದ್ದೆ ಟವೆಲಿನಿಂದ ಮುಖ ಒರೆಸಿಕೊಳ್ಳುತ್ತ ಬಂದು ಎರಡೂ ತೂತಿನಲ್ಲಿ ಇಣುಕಿ, “ಇದೇನು, ಹೆಣ್ಣಿನೋರು ಒಂದು ಛತ್ರಕ್ಕೆ, ಗಂಡಿನೋರು ಒಂದು ಛತ್ರಕ್ಕೆ ಹೋದಂಗಾಯ್ತಲ್ಲ!” ಎಂದರು. ಮಾವ ಮೂರನೆಯ ತೂತು ಕೊರೆದರು. ಹೊರಗಿನ ಅರ್ಧ ತೂತಿನಲ್ಲಿ ಈಗ ಗುಬ್ಬಚ್ಚಿ ಸಂಸಾರ ಹೂಡಿದೆ. ಒಳಗಿನದರಲ್ಲಿ ಅತ್ತೆ ಅಮೃತಾಂಜನದ ಡಬ್ಬಿ ಇಟ್ಟುಕೊಂಡಿದ್ದಾರೆ.

ಹೊರಗಿನ ಪೆಟ್ಟಿಗೆಯನ್ನು ಮಾಳಿಗೆಗೆ ಎಳೆದದ್ದು ಹಳೆಯ ಮಗ್ಗದ ಹಗ್ಗದಿಂದ, ಕೇರಿಯ ನಾಲ್ವರು ಸೇರಿ. ಮಾವ ಮೇಲೆ ನಿಂತು ಆ ಪೆಟ್ಟಿಗೆಯೊಡನೆ ತೆಲುಗಿನಲ್ಲಿ ಮಾತಾಡುತ್ತಿದ್ದರು. “ರಾ ತಲ್ಲೀ ರಾ, ಮೆಲ್ಲಗಾ ರಾ.” ಬಾ ತಾಯಿ ಬಾ, ಮೆಲ್ಲಗೆ ಬಾ ಎಂದು. ಮಗ್ಗ ಕಲಿಸಿದ ಗುರು ತೆಲುಗರಂತೆ. ಹಾಗಾಗಿ ಮಿಷನ್ನುಗಳಿಗೆಲ್ಲ ತೆಲುಗೇ ಅರ್ಥವಾಗುವುದೆಂದು ಮಾವನ ನಂಬಿಕೆ. ಪೈಪಿಗೆ ಕಪ್ಪು ಟೇಪು ಸುತ್ತಿ, ಅದು ಬಿಸಿಲಿಗೆ ಬಿರಿಯುತ್ತದೆಂದು ಅದರ ಮೇಲೆ ಅತ್ತೆಯ ಹಳೆಯ ಸೀರೆಯ ಜರಿ ಅಂಚು ಸುತ್ತಿ, ಗೇಣಿಗೊಂದರಂತೆ ಹುರಿನೂಲಿನ ಗಂಟು ಹಾಕಿದರು. ಅರಿಶಿನ ಕುಂಕುಮವೂ ಬಿತ್ತು. ಪಕ್ಕದ ಮನೆಯ ಅಜ್ಜಿ ಮಾಳಿಗೆಯಲ್ಲಿ ಮೆಣಸಿನಕಾಯಿ ಒಣಗಿಸಲು ಬಂದವರು ಆ ಪೆಟ್ಟಿಗೆಗೆ ಕೈ ಮುಗಿದು ಹೋದರು!

ಆ ಬಿಸಿಲಿನಲ್ಲಿ ನನಗೆ ರೋಸಿಹೋಗಿತ್ತು. “ಯಾರನ್ನಾದರೂ ಕರೆದಿದ್ದರೆ ಇಷ್ಟು ಹೊತ್ತಿಗೆ ಅತ್ತೆ ತಣ್ಣಗೆ ಮಲಗಿರ್ತಿದ್ದರಲ್ಲ ಮಾವ, ಏನಿದು ಹಟ?” ಎಂದು ರೇಗಿದೆ.

ಮಾವ ಗಂಟು ಹಾಕುವುದನ್ನು ನಿಲ್ಲಿಸಲಿಲ್ಲ. “ಆ ಮಗ್ಗದ ರೂಮು ಈ ಮನೇಲೇ ತಣ್ಣಗಿರೋ ಜಾಗ ಕಣಮ್ಮ. ಮೂವತ್ತು ವರ್ಷ ಅಲ್ಲಿ ಕೂತಿದ್ದೋನು ನಾನು. ಹಂಡೆ ಮುಂದೆ ನಿಂತಿದ್ದೋಳು ಅವ್ಳು. ಒಂದ್ ದಿನ ಆದ್ರೂ ‘ಬಾ, ನೀ ಇಲ್ ಕೂತ್ಕೋ’ ಅನ್ಲಿಲ್ಲ ನಾನು. ಈಗ ಆ ತಂಪು ನನ್ ಕೈಯಾರೆ ಮಾಡಿ ಕೊಡ್ಬೇಕು. ಬೇರೆಯೋರ ಕೈಲಿ ಮಾಡ್ಸಿದ್ರೆ ಅದು ಕೊಟ್ಟಂಗಲ್ಲ” ಎಂದರು. ಆಮೇಲೆ ನನ್ನ ಮುಖ ನೋಡಿ, “ಏನ್ ನೋಡ್ತೀಯ, ಕತ್ರಿ ಕೊಡು” ಎಂದು ಗದರಿದರು. ನಾನು ಕತ್ತರಿ ಕೊಟ್ಟೆ.

ಕೊನೆಯದು ಗ್ಯಾಸಿನ ಕೆಲಸ. ಎಸಿಯ ತಂಪೆಲ್ಲ ಆ ಗ್ಯಾಸಿನದೇ ಅಂತೆ. ಅದು ಹೊರಗಿನ ಪೆಟ್ಟಿಗೆಯೊಳಗೆ ತುಂಬಿ ಬಂದಿರುತ್ತದೆ. ಪಕ್ಕದಲ್ಲಿ ಎರಡು ಹಿತ್ತಾಳೆಯ ವಾಲ್ವುಗಳು. ಮೊಬೈಲಿನಲ್ಲಿ ತೆಲುಗು ವಿಡಿಯೋ ಹಾಕಿಕೊಂಡು, ಅದು ಹೇಳಿದಂತೆ ಮಾವ ವಾಲ್ವನ್ನು ಒಂದಿಷ್ಟು ತಿರುಗಿಸಿದರು. ಪೈಪಿನಲ್ಲಿದ್ದ ಗಾಳಿ ‘ಪುಸ್’ ಎಂದು ಹೊರಗೆ ಹೋಯಿತು. ಅಷ್ಟಕ್ಕೆ ಮೊಬೈಲಿನ ಚಾರ್ಜೂ ಹೋಯಿತು. ಮಾವ ಮುಂದಿನದನ್ನು ತಮ್ಮ ಬುದ್ಧಿಯಿಂದಲೇ ಮುಗಿಸಿ, ವಾಲ್ವುಗಳ ಮೇಲೆ ಬಟ್ಟೆ ಸುತ್ತಿ ಗಂಟು ಹಾಕಿ ಕೆಳಗಿಳಿದರು. ಇಳಿದವರೇ ಅತ್ತೆಯ ಮುಂದೆ ನಿಂತು, ಹೋಂವರ್ಕ್ ಮುಗಿಸಿದ ಮಗುವಿನಂತೆ, “ಗ್ಯಾಸು ಎರಡ್ ಸಲ ನೋಡಿದೀನಿ ಕಣೇ, ನೀನೇನೂ ಹೇಳಂಗಿಲ್ಲ!” ಎಂದರು. ಅತ್ತೆ “ಹೂಂ, ಹೂಂ” ಎಂದರು. ಏನು ನೋಡಿದ್ದು ಎಂದು ನಮ್ಮಿಬ್ಬರಲ್ಲಿ ಒಬ್ಬರಾದರೂ ಕೇಳಬಾರದಿತ್ತೇ!

ಸಂಜೆ ಉದ್ಘಾಟನೆ. ನಾಲ್ವರು ಹಗ್ಗ ಎಳೆದವರು, ಮೆಣಸಿನಕಾಯಿ ಅಜ್ಜಿ, ನಾನು, ಅತ್ತೆ ಎಲ್ಲ ಕೋಣೆಯಲ್ಲಿ ಸೇರಿದೆವು. ಮಾವ ರಿಮೋಟು ಒತ್ತಿದರು. ಎಸಿ ಕಣ್ಣು ಬಿಟ್ಟಿತು, ಬಾಯಿ ತೆರೆಯಿತು, ಗಾಳಿಯೂ ಬಂತು. ಆಹಾ, ಎಂಥ ಗಾಳಿ! ನಮ್ಮ ಕಲ್ಯಾಣದುರ್ಗದ ಬಸ್ಸಿನಲ್ಲಿ ಇಂಜಿನ್ ಪಕ್ಕದ ಸೀಟಿಗೆ ಬರುತ್ತದಲ್ಲ, ಅದೇ ಗಾಳಿ.

“ತಣ್ಣಗೈತಲ್ಲ?” ಎಂದರು ಮಾವ.

ಅಜ್ಜಿ ಸೆರಗಿನಿಂದ ಬೀಸಿಕೊಳ್ಳುತ್ತ, “ಶಬ್ದ ಚೆನ್ನಾಗೈತಪ್ಪ” ಎಂದರು.

“ತಣ್ಣಗೈತೆ” ಎಂದರು ಅತ್ತೆ, ಹಣೆಯ ಬೆವರು ಹುಬ್ಬಿಗಿಳಿಯುತ್ತಿದ್ದರೂ ಒರೆಸಿಕೊಳ್ಳದೆ. ಒರೆಸಿಕೊಂಡರೆ ಮಾವನಿಗೆ ಗೊತ್ತಾಗುತ್ತದಲ್ಲ!

“ಹೊಸ ಮಗ್ಗ ಮೂರ್ ದಿನ ಮುನಿಸ್ಕಂತದೆ. ಆಮೇಲೆ ಹಿಡ್ಕಂತದೆ. ಇದೂ ಅಂಗೇಯಾ” ಎಂದು ಮಾವ ತೀರ್ಪು ಕೊಟ್ಟರು.

ಆಮೇಲಿನ ಮೂರು ದಿನ ಆ ಮನೆಯಲ್ಲಿ ನಡೆದ ನಾಟಕವನ್ನು ನಾನು ಹೇಗೆ ವರ್ಣಿಸಲಿ? ಎಸಿಯ ನೀರು ಹೋಗುವ ಪೈಪಿನ ಕೆಳಗೆ ಅತ್ತೆ ಒಂದು ಬಕೆಟ್ ಇಟ್ಟಿದ್ದರು. ಕೋಣೆ ತಂಪಾದರೆ ಅದರಿಂದ ನೀರು ತೊಟ್ಟಿಕ್ಕಬೇಕು. ಬೆಳಿಗ್ಗೆ ನೋಡಿದರೆ ಬಕೆಟ್ಟಿನಲ್ಲಿ ಎರಡು ಚೊಂಬು ನೀರು! “ನೋಡಿದ್ಯಾ?” ಎಂದು ಮಾವ ಬೀಗಿದರು. ಅತ್ತೆ ಆ ನೀರನ್ನು ತುಳಸಿಗೆ ಹಾಕಿ ಬಂದು ನನ್ನ ಕಿವಿಯಲ್ಲಿ, “ಎಸಿ ನೀರಿನಾಗೆ ಬೋರ್‌ವೆಲ್ ಉಪ್ಪು ಬತ್ತದೇನಮ್ಮಿ? ಬಕೀಟಿನ ಅಂಚಿಗೆಲ್ಲ ಬೆಳ್ಳಗೆ ಕಟ್ಟೈತೆ” ಎಂದರು. ಮಾವ ನಾವು ಏಳುವ ಮೊದಲೇ ಎದ್ದು ನಲ್ಲಿಯ ನೀರು ಹುಯ್ದಿದ್ದರು. ಮಧ್ಯಾಹ್ನ ಆ ಕೋಣೆಯಲ್ಲಿ ಕಂಬಳಿ ಹೊದ್ದು ಕೂತು, “ಅಬ್ಬಾ, ಏನ್ ಚಳಿ!” ಎಂದು ಬೆವರಿನಲ್ಲಿ ತೊಯ್ದು ತೊಪ್ಪೆಯಾದರು. ಅತ್ತೆಯೂ ಬಿಡಲಿಲ್ಲ. ಮಾವನ ಹೆಜ್ಜೆ ಸದ್ದು ಕೇಳಿದೊಡನೆ ಮಂಚದಲ್ಲಿ ಮಲಗಿ ಗೊರಕೆ ಹೊಡೆಯುತ್ತಿದ್ದರು. ಅವರು ಆಚೆ ಹೋದೊಡನೆ ಎದ್ದು ಅಡುಗೆಮನೆಯ ಒದ್ದೆ ನೆಲಕ್ಕೆ ಓಡುತ್ತಿದ್ದರು. ಇಬ್ಬರ ನಡುವೆ ನಾನು ನಗಬೇಕೋ ಅಳಬೇಕೋ ತಿಳಿಯದೆ ಕೂತಿದ್ದೆ. ಅತ್ತೆಯ ಕಣ್ಣಿನ ಕಪ್ಪು ಮಾತ್ರ ದಿನದಿನಕ್ಕೆ ಹೆಚ್ಚುತ್ತಿತ್ತು. ಅದನ್ನು ನಾಟಕ ಮುಚ್ಚಿಹಾಕುತ್ತದೆಯೇ?

ನಾಲ್ಕನೆಯ ದಿನ ಬೆಳಿಗ್ಗೆ ಮಾವ ಇಸ್ತ್ರಿ ಅಂಗಿ ಹಾಕಿಕೊಂಡು, “ರೊದ್ದಂ ತಾವ ನಮ್ಮೋರೊಬ್ರ ಗೃಹಪ್ರವೇಶ. ಸಂಜೆಗೆ ಬತ್ತೀನಿ” ಎಂದು ಹೊರಟರು. ಹೊತ್ತು ನೆತ್ತಿಗೇರುವವರೆಗೂ ಕಾದು ಅತ್ತೆ ನನ್ನ ಕೈ ಹಿಡಿದು, “ನಿಮ್ಮೂರಿನ ಮೆಕ್ಯಾನಿಕ್ಕಿಗೆ ಫೋನ್ ಮಾಡು. ಬರೋದೇನೂ ಬ್ಯಾಡ, ಎಲ್ಲಿ ತಪ್ಪಾಗೈತೆ ಅಂತ ಬಾಯಲ್ಲೇ ಹೇಳ್ಲಿ. ನಿಮ್ಮ ಮಾವಂಗೆ ಗೊತ್ತಾಗ್ಬಾರ್ದು. ಬೇರೆಯೋರು ಬಂದು ಸರಿ ಮಾಡಿದ್ರೆ ಅವ್ರು ಊಟ ಬಿಟ್ಬುಡ್ತಾರೆ” ಎಂದರು.

ನಾನು ಎಸಿ ಕಥೆಯೆಲ್ಲ ಹೇಳಿದೆ. ಆ ಕಡೆ ಮೆಕ್ಯಾನಿಕ್, “ತಡೀರಿ ಮೇಡಂ, ಅಂಗಡಿಯಿಂದ ಆಚೆ ಬತ್ತೀನಿ” ಎಂದರು. ಆಮೇಲೆ ಪಿಸುದನಿಯಲ್ಲಿ, “ಇವತ್ತೇನು ಹಿಂದೂಪುರದೋರ್ದೆಲ್ಲ ಒಂದೇ ಕಂಪ್ಲೇಂಟು? ಆಗ್ಲಿಂದ ಒಬ್ರು ಹಿರಿಯರು ಅಂಗಡೀಲಿ ಕೂತವ್ರೆ. ಪಕ್ಕದ್ಮನೆಯೋನೊಬ್ಬ ಪೆದ್ದ, ತಾನೇ ಎಸಿ ಕಟ್ಕಂಡವ್ನೆ, ತಣ್ಣಗಾಗ್ತಿಲ್ಲ, ಅವನ ಹೆಂಡ್ತಿ ನಿದ್ದೆ ಇಲ್ದೆ ಸೊರಗಿಹೋಗವ್ಳೆ, ದಯವಿಟ್ಟು ಬಾಪ್ಪ ಅಂತವ್ರೆ. ‘ವಾಲ್ವು ಬಿಟ್ಟವ್ನಾ ಸಾರ್’ ಅಂದ್ರೆ, ‘ಅಷ್ಟೂ ತಿಳಿಯಲ್ವಾ ಅವ್ನಿಗೆ!’ ಅಂತ ನನ್ ಮೇಲೇ ಬಂದ್ರು.”

ಫೋನು ಸ್ಪೀಕರಿನಲ್ಲಿತ್ತು. ಅತ್ತೆ ಅಲಮಾರಿನ ಕಡೆ ನೋಡಿದರು. ಅಲ್ಲಿದ್ದ, ಎಸಿಯ ಜೊತೆ ಬಂದಿದ್ದ ಪುಸ್ತಕ ಕಾಣೆಯಾಗಿತ್ತು. ಮಾವ ಎರಡು ಬಸ್ಸು ಬದಲಾಯಿಸಿ, ಗುರುತಿನವರಿಲ್ಲದ ಊರು ಹುಡುಕಿಕೊಂಡು, ತಾವೇ ಹೀಗಳೆದು ನಕ್ಕಿದ್ದ ಮನುಷ್ಯನ ಅಂಗಡಿಯಲ್ಲಿ ಕೂತು, ತಮ್ಮನ್ನೇ ಪೆದ್ದ ಎಂದು ಬೈದುಕೊಳ್ಳುತ್ತಿದ್ದರು! ನನಗೆ ನಗು ಉಕ್ಕಿ ಬಂತು. ಅತ್ತೆಯ ಮುಖ ನೋಡಿ ನುಂಗಿಕೊಂಡೆ. ಅವರ ಕಣ್ಣಲ್ಲಿ ನೀರಿತ್ತು.

“ವಾಲ್ವು ಬಿಡೋದು ಅಂದ್ರೆ ಏನಪ್ಪ?” ಎಂದರು ಅತ್ತೆ.

“ಗ್ಯಾಸಿನ ವಾಲ್ವಮ್ಮ. ಎರಡೂ ಪೂರ್ತಿ ತೆಗೆದೇ ಇಟ್ಟಿರ್ಬೇಕು. ಮುಚ್ಚಿದ್ರೆ ಗ್ಯಾಸು ಒಳಗೆ ಹೋಗಲ್ಲ, ಬರೀ ಫ್ಯಾನ್ ಗಾಳಿ ಬತ್ತದೆ.”

ಅತ್ತೆ ತಲೆಯ ಮೇಲೆ ಕೈ ಹೊತ್ತು ಕೂತರು. ‘ಗ್ಯಾಸು ಎರಡ್ ಸಲ ನೋಡಿದೀನಿ!’ ನನಗೂ ಆಗ ಹೊಳೆಯಿತು. ಮದುವೆಯಾದಾಗಿನಿಂದ ಅಲ್ಲದಿದ್ದರೂ, ಆ ಮನೆಗೆ ಸಿಲಿಂಡರ್ ಬಂದಾಗಿನಿಂದ ಅತ್ತೆ ಬೈಯುತ್ತ ಬಂದದ್ದು ಒಂದೇ ವಿಷಯಕ್ಕೆ. ಮಾವ ಕಾಫಿ ಬಿಸಿ ಮಾಡಿಕೊಂಡು ರೆಗ್ಯುಲೇಟರ್ ಆಫ್ ಮಾಡದೆ ಹೋಗುತ್ತಾರೆಂದು. “ಗ್ಯಾಸು ಮುಚ್ಚಿದ್ರಾ? ಎರಡ್ ಸಲ ನೋಡಿದ್ರಾ?” ಎಂದು ಕನ್ನಡದಲ್ಲಿ ಒಮ್ಮೆ, ತೆಲುಗಿನಲ್ಲಿ ಒಮ್ಮೆ. ಆ ಒಂದು ಬೈಗುಳ ಮಾವನ ತಲೆಗೆ ಹೋಗಿತ್ತು. ಹೋಗಬೇಕಾದ ಕಡೆ ಹೋಗದೆ, ಮಾಳಿಗೆಯ ಮೇಲೆ ಹೋಗಿ ಕೂತಿತ್ತು! ಗ್ಯಾಸು ಎಂದಮೇಲೆ ಕೆಲಸ ಮುಗಿದೊಡನೆ ಮುಚ್ಚಬೇಡವೇ? ಮಾವ ಭದ್ರವಾಗಿ ಮುಚ್ಚಿ, ಎರಡು ಸಲ ನೋಡಿ, ಬಟ್ಟೆ ಸುತ್ತಿ ಗಂಟನ್ನೂ ಹಾಕಿದ್ದರು.

“ಎಸಿ ಆರ್ಸಿ, ಎಲ್ ಥರ ಬಗ್ಗಿರೋ ಕೀ ಐತಲ್ಲ, ಅದನ್ನ ವಾಲ್ವಿನ ಆರು ಮೂಲೆ ತೂತಿಗೆ ತೂರ್ಸಿ ಎಡಕ್ಕೆ ತಿರುಗ್ಸಿ ಅಮ್ಮ” ಎಂದರು ಮೆಕ್ಯಾನಿಕ್. “ಎಡಕ್ಕೆ. ಕೊನೇವರೆಗೂ.”

“ಎಡಕ್ಕಾ? ಅದು ನಂಗೆ ಬತ್ತದೆ ಬಿಡಪ್ಪ” ಎಂದು ಅತ್ತೆ ಎದ್ದರು. “ಇನ್ನೊಂದ್ ಮಾತು. ಅವ್ರ ಜೊತೆ ನೀನು ಬಾ. ಊಟ ನಮ್ಮನೇಲೇ. ಆದ್ರೆ ಒಂದ್ ಬಸ್ಸು ಬಿಟ್ಟು ಮುಂದಿನ ಬಸ್ಸಿಗೆ ಇಬ್ರೂ ಬನ್ನಿ, ಅಷ್ಟೊತ್ತಿಗೆ ರೂಮು ತಣ್ಣಗಾಗಿರ್ತದೆ. ನಾ ಫೋನ್ ಮಾಡಿದ್ದು ನಿನ್ ಹೊಟ್ಟೇಲೇ ಇರ್ಲಿ.”

ಎಸಿಯ ಸ್ವಿಚ್ಚನ್ನು ಆರಿಸಿ ನಾನು ಮಾಳಿಗೆ ಮೆಟ್ಟಿಲು ಹತ್ತುವಷ್ಟರಲ್ಲಿ ಅತ್ತೆ ಮೇಲಿದ್ದರು. ನಡುಹಗಲು. ಕಾದ ನೆಲದಲ್ಲಿ ಒಂದು ಕಾಲು ಎತ್ತಿ ಒಂದು ಕಾಲು ಇಟ್ಟು ಕುಣಿಯುತ್ತಲೇ ಮಾವನ ಗಂಟು ಬಿಚ್ಚಿದರು, ಎಡಗೈಯಿಂದ ಎರಡು ವಾಲ್ವನ್ನೂ ತಿರುಗಿಸಿದರು. ಪೈಪಿನೊಳಗೆ ಏನೋ ಸರ್ರೆಂದು ಓಡಿತು. ಬಟ್ಟೆ ಸುತ್ತಿ, ಅದೇ ಹುರಿಯಿಂದ ಗಂಟು ಹಾಕಿ ಇಳಿದರು. ಎಸಿ ಹಾಕಿ ಸ್ವಲ್ಪ ಹೊತ್ತಿಗೆಲ್ಲ ನಾವಿಬ್ಬರೂ ಮುಖಮುಖ ನೋಡಿಕೊಂಡೆವು. ತಂಪು! ಬಕೆಟ್ಟಿಗೆ ಮೊದಲ ಹನಿ ‘ಟಣ್’ ಎಂದು ಬಿದ್ದಾಗ ಅತ್ತೆ ಚಪ್ಪಾಳೆ ತಟ್ಟಿದರು.

ಸಂಜೆ ಮಾವ ಬಂದರು, ಹಿಂದೆ ಚೀಲ ಹಿಡಿದ ಮೆಕ್ಯಾನಿಕ್. ಬಾಗಿಲಲ್ಲೇ ಮಾವ ತಲೆ ತಗ್ಗಿಸಿ, “ಲೇ, ಇವ್ರು... ಅದೇನಂದ್ರೆ... ನನ್ ಕೈಲಿ...” ಎಂದು ತೊದಲುತ್ತಿದ್ದಂತೆ ಅತ್ತೆ ಅಡ್ಡ ಬಾಯಿ ಹಾಕಿದರು. “ಬಂದ್ರಾ? ಮೊದ್ಲು ರೂಮಿಗೆ ಹೋಗಿ ನೋಡಿ. ನೀವು ಹೇಳಿದ್ರಲ್ಲ, ಮೂರ್ ದಿನ ಮುನಿಸ್ಕಂತದೆ ಆಮೇಲೆ ಹಿಡ್ಕಂತದೆ ಅಂತ? ಮಧ್ಯಾಹ್ನ ಹಿಡ್ಕಂತು ನೋಡಿ!”

ಮಾವ ಕೋಣೆಗೆ ಕಾಲಿಟ್ಟರು. ಎಸಿಯ ಕೆಳಗೆ ಅಂಗೈ ಒಡ್ಡಿ ನಿಂತರು. ಬಕೆಟ್ಟಿನಲ್ಲಿ ಬೆರಳದ್ದಿ ನಾಲಿಗೆಗೆ ಮುಟ್ಟಿಸಿಕೊಂಡರು. ಉಪ್ಪಿಲ್ಲ! ಆಗ ಮೆಕ್ಯಾನಿಕ್ ಗಂಭೀರವಾಗಿ ಪೆಟ್ಟಿಗೆಯ ಸುತ್ತ ನೋಡಿ, “ಫಿಟ್ಟಿಂಗ್ ಬಲು ಗಟ್ಟಿಯಾಗೈತೆ. ಯಾವ ಕಂಪನಿಯೋರು ಮಾಡಿದ್ದು ಸಾರ್?” ಎಂದರು. ಮಾವನ ಎದೆ ಅಂಗಿಯ ಗುಂಡಿಗಳನ್ನು ಮೀರಿ ಉಬ್ಬಿತು. “ಮಗ್ಗ ಕೂರಿಸಿದ ಕೈ ಕಣಪ್ಪ ಇದು!” ಎಂದು ಶುರುವಾದ ಭಾಷಣ ಚಿತ್ರಾನ್ನ ಮುಗಿದು, ಕಾಫಿ ಮುಗಿದು, ಮೆಕ್ಯಾನಿಕ್ ಬಸ್ಸು ಹತ್ತುವವರೆಗೂ ನಡೆಯಿತು. ಪಕ್ಕದ ಮನೆಯ ಪೆದ್ದನ ಸುದ್ದಿಯನ್ನು ಇಬ್ಬರೂ ಎತ್ತಲಿಲ್ಲ.

ಇಲ್ಲಿಗೇ ಮುಗಿದಿದ್ದರೆ ಇದನ್ನು ನಗುವಿನ ಕಥೆಯೆಂದು ನಿಮಗೆ ಒಪ್ಪಿಸಿ ಎದ್ದುಬಿಡುತ್ತಿದ್ದೆ.

ಮರುದಿನ ಮಧ್ಯಾಹ್ನ ಅತ್ತೆ ಮಲಗಿದ್ದರು. ಈ ಸಲ ಗೊರಕೆ ಇರಲಿಲ್ಲ, ಅಂದರೆ ನಿಜವಾದ ನಿದ್ದೆ. ಮಾವ, “ಬಾರಮ್ಮ, ಮೇಲೆ ಗಂಟೆಲ್ಲ ಬಿಗಿಯಾಗವ್ಯಾ ನೋಡನ” ಎಂದು ನನ್ನನ್ನು ಮಾಳಿಗೆಗೆ ಕರೆದೊಯ್ದರು. ಪೈಪಿನುದ್ದಕ್ಕೂ ಗಂಟಿನಿಂದ ಗಂಟಿಗೆ ಬೆರಳಾಡಿಸುತ್ತ ಬಂದರು. ವಾಲ್ವಿನ ಬಳಿ ಬೆರಳು ನಿಂತಿತು.

ಇದನ್ನು ನಾವಿಬ್ಬರೂ ಮರೆತೇಬಿಟ್ಟಿದ್ದೆವು! ಗಂಟಿನ ಬಾಲ ಎಡಕ್ಕಿತ್ತು.

ಮಾವನ ಬೆರಳು ಅಭ್ಯಾಸಬಲದಿಂದ ಅದನ್ನು ಬಿಚ್ಚಲು ಹೊರಟಿತು. ಅರ್ಧ ಸಡಿಲಿಸಿ ತಡೆಯಿತು. ಮಾವ ಬಟ್ಟೆಯ ಮೇಲಿಂದಲೇ ವಾಲ್ವನ್ನು ಒತ್ತಿ ನೋಡಿದರು, ಮತ್ತೆ ಆ ಗಂಟನ್ನು ನೋಡಿದರು. ಎಲ್ಲ ತಿಳಿದವರ ಮುಖ ಹೇಗಿರುತ್ತದೆಂದು ನಾನು ಅಂದು ಕಂಡೆ. ಬೈಯುತ್ತಾರೆಂದುಕೊಂಡೆ, ಇಲ್ಲವೇ ನಗುತ್ತಾರೆಂದುಕೊಂಡೆ.

“ಯಾವಾಗ ಹತ್ತಿದ್ಲು?” ಎಂದರು.

“ನಿನ್ನೆ... ಮಧ್ಯಾಹ್ನ, ಮಾವ.”

“ಈ ಬಿಸ್ಲಾಗಾ?”

“ಹೂಂ.”

ಮಾವ ಬಗ್ಗಿ ಕಾದ ನೆಲಕ್ಕೆ ಅಂಗೈ ಇಟ್ಟು ನೋಡಿದರು. ಆಮೇಲೆ ಕೇಳಿದ್ದು ಒಂದೇ ಮಾತು.

“ಚಪ್ಪಲಿ ಹಾಕ್ಕಂಡಿದ್ಲಾ?”

ಇಲ್ಲವೆಂದು ತಲೆಯಾಡಿಸಿದೆ. ಮಾವ ತಾವು ಸಡಿಲಿಸಿದ್ದ ಗಂಟನ್ನು ಎಡಕ್ಕೇ ಎಳೆದು ಬಿಗಿ ಮಾಡಿ ಕೆಳಗಿಳಿದರು.

ಈ ಬೇಸಿಗೆ ಮತ್ತೆ ಹೋಗಿದ್ದೆ. ಅತ್ತೆಯ ಕಣ್ಣಿನ ಕಪ್ಪು ಹೋಗಿದೆ. ನಡುಮನೆಯ ಫ್ಯಾನು ಇನ್ನೂ ಜಂತೆಗೇ ಗಾಳಿ ಹಾಕುತ್ತಿದೆ. ಎಸಿಯ ಪೈಪಿಗೆ ಮಾವ ಹೊಸ ಸೀರೆಯಂಚು ಸುತ್ತಿ ಗಂಟುಗಳನ್ನೆಲ್ಲ ಹೊಸದಾಗಿ ಹಾಕಿದ್ದಾರೆ, ವಾಲ್ವಿನ ಬಳಿಯ ಒಂದನ್ನು ಬಿಟ್ಟು. ಆ ವಿಷಯವನ್ನು ಗಂಡ ಹೆಂಡತಿ ಇದುವರೆಗೆ ಒಬ್ಬರಿಗೊಬ್ಬರು ಹೇಳಿಕೊಂಡಿಲ್ಲ. ಆದರೆ ಮಾಳಿಗೆ ಮೆಟ್ಟಿಲಿನ ಕೊನೆಯಲ್ಲಿ, ಬಾಗಿಲ ಪಕ್ಕದ ನೆರಳಿನಲ್ಲಿ, ಅತ್ತೆಯ ಅಳತೆಯ ಒಂದು ಜೊತೆ ಹೊಸ ಹವಾಯಿ ಚಪ್ಪಲಿ ಬಂದು ಕೂತಿದೆ. ಯಾರೂ ಕೆಳಗೆ ಒಯ್ಯದಿರಲೆಂದು ಅದನ್ನು ಕಂಬಿಗೆ ಉದ್ದ ಹುರಿಯಿಂದ ಕಟ್ಟಲಾಗಿದೆ. ಹುರಿ ಎಷ್ಟು ಉದ್ದವೆಂದರೆ, ಚಪ್ಪಲಿ ಮೆಟ್ಟಿಕೊಂಡು ಎಸಿಯವರೆಗೂ ನಡೆದುಹೋಗಬಹುದು.